ಕಾಲೇಜು ನೋಡಲು ಹೋಗಿ ಕ್ಯಾಂಟೀನು ನೋಡಿ ಬಂದದ್ದು

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಅದೂ ಕ್ಯಾಂಟೀನಿನ ಮೆಟ್ಟಿಲು. ಆದರೂ ಮೇ ತಿಂಗಳು ಬಂತೆಂದರೆ, ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸೋಣ ಎಂದು ನನ್ನನ್ನು ಕೇಳುವವರಿದ್ದಾರೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೇಳಿದವರಿಗೆಲ್ಲ ಉತ್ತರ ಕೊಟ್ಟಿದ್ದೇನೆ ಎಂದು ನೆನೆದರೆ ಇನ್ನೂ ಸ್ವಲ್ಪ ಹೆಚ್ಚು ನಾಚಿಕೆ.

ನಾನು ತಮಿಳುನಾಡಿನ ಪೋರೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸೂಪರ್‌ವೈಸರ್. ಕುಂದಾಪುರದ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷವಾಯಿತು. ನಮ್ಮ ಸುತ್ತ ಆಸ್ಪತ್ರೆಗಳೂ ಇವೆ, ಕಾಲೇಜುಗಳೂ ಇವೆ. ಹಾಗಾಗಿ ಗಿರಾಕಿಗಳಲ್ಲಿ ಅರ್ಧ ಜನ ಕೈಯಲ್ಲಿ ಫೈಲು ಹಿಡಿದೇ ಒಳಗೆ ಬರುತ್ತಾರೆ. ಯಾರು ಆಸ್ಪತ್ರೆಯವರು, ಯಾರು ಕಾಲೇಜಿನವರು ಎಂದು ಮೊದಮೊದಲು ತಿಳಿಯುತ್ತಿರಲಿಲ್ಲ. ಎರಡೂ ಕಡೆಯವರ ಮುಖದಲ್ಲಿ ಒಂದೇ ಕಳವಳ. ಆಮೇಲೆ ಕಂಡುಕೊಂಡೆ. ಕಾಲೇಜಿನಿಂದ ಬಂದವರು ಚಟ್ನಿ ಕಡಿಮೆಯಾಯಿತೆಂದು ಸರ್ವರನ ಹತ್ತಿರ ಜಗಳ ಮಾಡುತ್ತಾರೆ. ಆಸ್ಪತ್ರೆಯಿಂದ ಬಂದವರು ಕಾಫಿ ತಣ್ಣಗಾಗುವುದನ್ನು ನೋಡುತ್ತ ಕೂತಿರುತ್ತಾರೆ. ಹೋದ ವರ್ಷ ನಾನೂ ಹಾಗೆ ಕೂತಿದ್ದೆ, ನನ್ನದೇ ಹೋಟೆಲಿನಲ್ಲಿ, ಮೂಲೆಯ ಮೇಜಿನಲ್ಲಿ. ಯಾವ ಸರ್ವರನೂ ಹತ್ತಿರ ಬರಲಿಲ್ಲ.

ಕಾಲೇಜಿನ ಬಗ್ಗೆ ನನ್ನ ಜ್ಞಾನವೆಲ್ಲ ಮೇಜು ಒರೆಸುತ್ತ ಬಂದದ್ದು. ಒಂದು ಕಾಲೇಜಿನ ಮಕ್ಕಳು ಮಧ್ಯಾಹ್ನ ಗುಂಪು ಗುಂಪಾಗಿ ನಮ್ಮಲ್ಲಿಗೆ ಬಂದರೆ ಅಲ್ಲಿನ ಕ್ಯಾಂಟೀನು ಕೆಟ್ಟಿದೆ ಎಂದು ಅರ್ಥ. ಬೆಳಿಗ್ಗೆ ಹನ್ನೊಂದಕ್ಕೇ ಬಂದರೆ ಕೆಟ್ಟಿರುವುದು ಕ್ಯಾಂಟೀನು ಮಾತ್ರ ಅಲ್ಲ. ಮೇಷ್ಟರು ಬಂದಾಗ ಮಕ್ಕಳು ಸರಿದು ಜಾಗ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡರೆ ಅದು ಒಳ್ಳೆಯ ಕಾಲೇಜು. ಅರ್ಧ ದೋಸೆ ಬಿಟ್ಟು ಎದ್ದು ಹೋದರೆ ಅಲ್ಲಿಗೆ ಸೇರಿಸಬೇಡಿ. “ಅಣ್ಣಾ, ಅಂದ ಕಾಲೇಜ್ ಪರವಾಯಿಲ್ಲಿಯಾ?” ಎಂದು, ಆ ಕಾಲೇಜು ಪರವಾಗಿಲ್ಲವಾ ಎಂದು, ಕೇಳಿದ ಎಷ್ಟೋ ತಂದೆತಾಯಿಗಳಿಗೆ ನಾನು ಹೇಳಿದ್ದು ಇಷ್ಟೇ. ಇಷ್ಟಕ್ಕೇ ಕೈ ಮುಗಿದು ಹೋದವರಿದ್ದಾರೆ.

ನನಗಿಂತ ನನ್ನ ಹೆಂಡತಿ ಸುಮತಿಗೆ ಹೆಚ್ಚು ಗೊತ್ತಿತ್ತು. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸು ಸುಮ್ಮನೆ ನಿಲ್ಲುವುದಿಲ್ಲ, ಮನೆಯ ಸುದ್ದಿಯೆಲ್ಲ ಹೇಳುತ್ತಾಳೆ. ಯಾರ ಮಗಳು ಯಾವ ಹಾಸ್ಟೆಲಿನಲ್ಲಿ ಅತ್ತಳು, ಯಾರ ಮಗನಿಗೆ ಯಾವ ಕಾಲೇಜಿನಲ್ಲಿ ಓದು ಹತ್ತಿತು, ಎಲ್ಲ ಸುಮತಿಗೆ ತಿಳಿಯುತ್ತಿತ್ತು. ನಾನು ಮೇಜಿನ ಸುದ್ದಿ ತರುತ್ತಿದ್ದೆ, ಅವಳು ಟೇಪಿನ ಸುದ್ದಿ ಕೊಡುತ್ತಿದ್ದಳು. ಎರಡನ್ನೂ ಸೇರಿಸಿ ನಾವಿಬ್ಬರೂ ಊರವರ ಮಕ್ಕಳಿಗೆಲ್ಲ ಕಾಲೇಜು ಆರಿಸಿ ಮುಗಿಸಿದ್ದೆವು. ನಮ್ಮ ಮಗಳ ಸರದಿ ಬರುವ ಹೊತ್ತಿಗೆ ನಾನೊಬ್ಬನೇ ಉಳಿದೆ.

ಮಗಳು ವಿದ್ಯಾ ಪ್ಲಸ್ ಟೂ ಮುಗಿಸಿದಾಗ ಅವಳಮ್ಮ ಹೋಗಿ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಮನೆಯಲ್ಲಿ ನಾವು ಆಡಿದ ಮಾತನ್ನು ಒಂದು ಬಸ್ ಟಿಕೆಟಿನ ಹಿಂದೆ ಬರೆಯಬಹುದಿತ್ತು. ನಾನು ನಮ್ಮ ಊರಿನ ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಅದು ಮೊದಲಿನಿಂದಲೂ ಹಾಗೆಯೇ. ನಡುವೆ ಇದ್ದವಳು ಎರಡನ್ನೂ ಬೆರೆಸಿ ಮಾತಾಡುತ್ತಿದ್ದಳು. ಈಗ ಊಟವಾಯಿತಾ ಎಂದರೆ ಆಯಿತು, ಬಾಗಿಲು ಹಾಕಿದೆಯಾ ಎಂದರೆ ಹಾಕಿದೆ.

ಅವಳಿಗೆ ಬೇಕಾಗಿದ್ದದ್ದು ಬಟ್ಟೆಯ ಓದು. ನೂಲು, ನೇಯ್ಗೆ, ಬಣ್ಣ, ಅದಕ್ಕೂ ಒಂದು ಇಂಜಿನಿಯರಿಂಗ್ ಇದೆಯಂತೆ. ಅಮ್ಮನೂ ಮಗಳೂ ಮಷಿನಿನ ಪಕ್ಕ ಕೂತು ಎಷ್ಟೋ ದಿನ ಇದನ್ನೇ ಮಾತಾಡಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅವಳ ಅಂಕಕ್ಕೆ ಅದು ಸಿಗುವಂತಿದ್ದದ್ದು ಕೊಯಮತ್ತೂರಿನಲ್ಲಿ. ರೈಲಿನಲ್ಲಿ ಏಳೆಂಟು ಗಂಟೆಯ ದಾರಿ. “ಎಲ್ಲದನ್ನೂ ನೋಡಿ ಬಪ್ಪ” ಎಂದು ನಾನೇ ಹೇಳಿದೆ. ಕೊಯಮತ್ತೂರಿಗೆ ಹೋದೆವು. ಹಳೆಯ ಕಟ್ಟಡ, ದೊಡ್ಡ ದೊಡ್ಡ ಮಗ್ಗಗಳು. ಅವಳು ಒಂದು ಮಗ್ಗದ ಎದುರು ಬಹಳ ಹೊತ್ತು ನಿಂತಳು. ನಾನು ಕ್ಯಾಂಟೀನಿಗೆ ಹೋಗಿ ಸಾಂಬಾರಿನ ರುಚಿ ನೋಡಿದೆ. ಬೇಳೆ ಬೆಂದಿರಲಿಲ್ಲ. ಮುಖ ಹಿಂಡಿಕೊಂಡು ಬಂದೆ.

ಮುಂದಿನ ವಾರ ಮನೆಯ ಹತ್ತಿರದ ಕಾಲೇಜು ನೋಡಲು ಹೋದೆವು. ಅಲ್ಲಿ ಎಲ್ಲ ಹೊಸ ಗಾಜು. ಇದ್ದದ್ದು ಬರೀ ಕಂಪ್ಯೂಟರಿನ ಓದು. ಆದರೆ ಕ್ಯಾಂಟೀನಿನ ಸಾಂಬಾರು ಬಾಯಿಗಿಡುತ್ತಲೇ ನಾನು ತಲೆ ಎತ್ತಿದೆ. ಕೊತ್ತಂಬರಿ ಹುರಿದ ಪರಿಮಳ, ಕೊನೆಗೊಂದು ಚೂರು ಬೆಲ್ಲ. ಇದು ನಮ್ಮವರ ಕೈ. ಒಳಗಿಣುಕಿ ಕೇಳಿದೆ. ಒಲೆಯ ಮುಂದಿದ್ದವರು ತಿರುಗಿ, “ಹ್ವಾಯ್, ಯಾವೂರ್ ನಿಮ್ದ್?” ಎಂದರು. ಬೈಂದೂರಿನವರು. “ಸಾಂಬಾರ್ ಹ್ಯಾಂಗಿತ್ತ್? ಮಗ್ಳನ್ನ್ ಇಲ್ಲೇ ಹಾಕಿ ಮಾರಾಯ್ರೆ, ನಾ ಇದ್ದೆ ಅಲ್ದಾ, ಉಪಾಸ ಇಪ್ಪೂಕ್ ಬಿಡ್ತ್ನಾ?” ಎಂದು ನನಗೂ ವಿದ್ಯಾಳಿಗೂ ಒಂದೊಂದು ವಡೆ ತಂದಿಟ್ಟರು. ಹಳೆಯ ಧಣಿಗಳ ಕಥೆ, ಅಡುಗೆಭಟ್ಟರ ಜಗಳದ ಕಥೆ, ನಗುತ್ತ ನಗುತ್ತ ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ, “ಭಾರೀ ಲಾಯ್ಕಿತ್ತ್ ಮಗಾ ಈ ಕಾಲೇಜ್” ಎಂದೆ. ತರಗತಿಯ ಒಂದು ಕೋಣೆಯನ್ನೂ ನಾನು ನೋಡಿರಲಿಲ್ಲ. ವಿದ್ಯಾ ತಿರುಗಿ ನನ್ನನ್ನೇ ನೋಡಿದಳು.

ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ಸೀಟಿಗೆ ಮಕ್ಕಳು ಕಾಲೇಜುಗಳ ಪಟ್ಟಿ ಮಾಡಿ ಆನ್‌ಲೈನಿನಲ್ಲಿ ತುಂಬಬೇಕು. ತುಂಬಾ ಬೇಕಾದದ್ದು ಮೇಲೆ, ಆಮೇಲೆ ಒಂದರ ಕೆಳಗೊಂದು. ಗಡುವಿನೊಳಗೆ ಲಾಕ್ ಮಾಡಿದರೆ ಮುಗಿಯಿತು, ಮತ್ತೆ ಬದಲಾಯಿಸಲಾಗದು. ಕೊನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಅವಳು ಲಾಕ್ ಮಾಡುವುದರಲ್ಲಿದ್ದಳು. ಕಾಣುವ ಎಂದು ಫೋನು ತೆಗೆದುಕೊಂಡೆ. ಮೊದಲನೆಯ ಸಾಲಿನಲ್ಲಿ ಗಾಜಿನ ಕಾಲೇಜು. ಕೊಯಮತ್ತೂರು ಹುಡುಕಿದೆ. ಒಂಬತ್ತನೆಯದಾಗಿತ್ತು.

“ಇದೆಂತ ಮಗಾ? ನಿಂಗೆ ಬಟ್ಟಿ ಓದುಕಲ್ದಾ ಮನ್ಸ್?”

“ಇದುವೇ ಪೋದುಂ ಪಾ.” ಇದೇ ಸಾಕು ಎಂದಳು.

“ಎಂತಕೆ ಸಾಕ್?”

“ಅಂಗ ತಾನೇ ನೀಂಗ ಸಿರಿಚ್ಚೀಂಗ,” ಎಂದಳು. ನೀವು ನಕ್ಕದ್ದು ಅಲ್ಲೇ ಅಲ್ಲವಾ.

ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದು ಅದೊಂದೇ ಸಲವೆಂದು ಅವಳು ಲೆಕ್ಕವಿಟ್ಟಿದ್ದಳು. ಮಕ್ಕಳಿಗೆ ಕಾಲೇಜು ತೋರಿಸಲು ಕರೆದುಕೊಂಡು ಹೋಗುತ್ತೇವೆ ಎಂದು ನಾವು ತಿಳಿದಿರುತ್ತೇವೆ. ಅವರು ಅಲ್ಲಿ ಕಾಲೇಜನ್ನೆಲ್ಲಿ ನೋಡುತ್ತಾರೆ, ನಮ್ಮ ಮುಖ ನೋಡುತ್ತಿರುತ್ತಾರೆ. ಇಷ್ಟು ವರ್ಷ ಊರಿಗೆಲ್ಲ ಸಲಹೆ ಕೊಟ್ಟವನಿಗೆ ಇದು ಗೊತ್ತಿರಲಿಲ್ಲ. ಸುಮತಿಗೆ ಗೊತ್ತಿರುತ್ತಿತ್ತು. ಅವಳು ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿ ಮಗಳನ್ನು ಮಾತ್ರ ಒಳಗೆ ಕರೆದುಕೊಂಡು ಹೋಗುತ್ತಿದ್ದಳು.

“ಒಂಬತ್ತ್‌ನೇದನ್ನ್ ಮೇಲೆ ತಕಣ್ ಬಾ” ಎಂದೆ.

“ನೀಂಗ ತನಿಯಾ ಎನ್ನ ಪಣ್ಣುವೀಂಗ?” ನೀವೊಬ್ಬರೇ ಏನು ಮಾಡುತ್ತೀರಿ ಎಂದು ಕೇಳಿದಳು.

ಹೋಟೆಲಿದೆ, ಊರಿನವರಿದ್ದಾರೆ, ನನಗೇನು ಕಷ್ಟ ಎಂದು ಸುಳ್ಳು ಹೇಳಬಹುದಿತ್ತು. ಇಷ್ಟು ತಿಂಗಳು ಒಂದೇ ಮನೆಯಲ್ಲಿದ್ದು ನನ್ನನ್ನು ನೋಡಿದವಳ ಎದುರು ಅದು ನಿಲ್ಲುತ್ತಿರಲಿಲ್ಲ. “ಗೊತ್ತಿಲ್ಲೆ ಮಗಾ,” ಎಂದೆ. “ಇನ್ನ್ ನಿಧಾನ ಕಲಿಯೂದ್. ಅದ್ ನನ್ ಪರೀಕ್ಷೆ, ನೀ ಬರೆಯೂದ್ ಬ್ಯಾಡ.”

“ಎಸ್ಸೆಸ್ಸೆಲ್ಸಿಯೇ ರೆಂಡು ತಡವೆ ಎಳುದುನವಂಗ ನೀಂಗ.” ಎಸ್ಸೆಸ್ಸೆಲ್ಸಿಯನ್ನೇ ಎರಡು ಸಲ ಬರೆದವರು ನೀವು, ಎಂದಳು. ಈ ಗುಟ್ಟು ಅವಳಿಗೆ ಹೇಳಿದವಳು ಯಾರೆಂದು ಕೇಳಬೇಕಾಗಿರಲಿಲ್ಲ. ಇಬ್ಬರಿಗೂ ನಗು ಬಂತು, ಇಬ್ಬರಿಗೂ ಅದು ಪೂರ್ತಿ ನಗುವಾಗಲಿಲ್ಲ. ಅವಳು ಫೋನು ತೆಗೆದುಕೊಂಡು ಒಂಬತ್ತನೆಯ ಸಾಲನ್ನು ಮೇಲಕ್ಕೆ ತಂದಳು. ಲಾಕ್ ಒತ್ತುವಾಗ ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ನನ್ನ ಮುಖ ಅವಳಿಗೆ ಕಾಣುವುದು ಬೇಡವೆಂದು.

ಇನ್ನು ಮುಂದೆ ಯಾರಾದರೂ ಸಲಹೆ ಕೇಳಿದರೆ ಹೇಳಬೇಕೆಂದು ಕೆಲವು ಮಾತು ಇಟ್ಟುಕೊಂಡಿದ್ದೇನೆ. ಮಕ್ಕಳೇ, ಪಟ್ಟಿ ತುಂಬುವಾಗ ಮನೆಯವರ ಮುಖ ನೋಡಬೇಡಿ, ನಿಮ್ಮ ಕಾಲು ಎಲ್ಲಿ ಹೆಚ್ಚು ಹೊತ್ತು ನಿಂತಿತ್ತು ಎಂದು ನೆನಪು ಮಾಡಿಕೊಳ್ಳಿ. ಅಪ್ಪ ಅಮ್ಮಂದಿರೇ, ಹಸಿದುಕೊಂಡು ಕಾಲೇಜು ನೋಡಲು ಹೋಗಬೇಡಿ. ಹಸಿವು ಎಂದರೆ ಹೊಟ್ಟೆಯದು ಮಾತ್ರವಲ್ಲ ಎಂದು ಬಿಡಿಸಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ವಿದ್ಯಾ ಕೊಯಮತ್ತೂರಿಗೆ ಹೋಗಿ ಎರಡು ತಿಂಗಳಾಯಿತು. ಮೊದಲ ವಾರ ದಿನಕ್ಕೆ ಮೂರು ಸಲ ಫೋನು ಮಾಡಿ ಅಳುತ್ತಿದ್ದಳು. ಆಮೇಲೆ ಒಂದು ಸಲವಾಯಿತು. ಮೊನ್ನೆ ಮಾಡಿದವಳು ನಡುವೆಯೇ, ಗೆಳತಿಯರು ಕರೆಯುತ್ತಿದ್ದಾರೆ ಎಂದು ಇಟ್ಟುಬಿಟ್ಟಳು. ನಿನ್ನೆ ಮಾಡಲಿಲ್ಲ. ಇವತ್ತು ಸಂಜೆಯ ಕಾಫಿ ಹೊತ್ತು ಕಳೆದರೂ ಮಾಡಿಲ್ಲ. ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ. ಕಾಲೇಜು ಚೆನ್ನಾಗಿಯೇ ಇದೆ ಎಂದು ಕಾಣುತ್ತದೆ.