‘ಇನ್ನೇನು ಬಂದೇಬಿಡ್ತು’ ಸಾಹೇಬರು
ಆಫೀಸಿನ ಹೆಡ್ ಕ್ಲಾರ್ಕ್ ಸಾಹೇಬರಿಗೆ ಬೆಟ್ಟದ ಹುಚ್ಚು. ಅವರನ್ನು ನಂಬಿ ಹೊರಟವರ ಪಾಡು ಕೇಳಿ ಕೇಳಿ ಟೈಪಿಸ್ಟ್ ಹುಡುಗಿಗೆ ಸಾಕಾಗಿತ್ತು. ಲಿಫ್ಟ್ ಕೆಟ್ಟರೆ ಮೆಟ್ಟಿಲ ಮೇಲೆ ಕೂತು ಕೂತು ಎರಡನೇ ಮಹಡಿ ಸೇರುವ ಈ ಮನುಷ್ಯ, ಭಾನುವಾರ ಬಂತೆಂದರೆ ಟೋಪಿ, ಸೀಟಿ, ಹೊಳೆಯುವ ಬೂಟು ಧರಿಸಿ ಬೆಟ್ಟಕ್ಕೇ ಮೇಲಧಿಕಾರಿಯಾಗಿಬಿಡುತ್ತಾರೆ. "ಇನ್ನೇನು ಬಂದೇಬಿಡ್ತು!" ಎಂಬುದೇ ಅವರ ಮಂತ್ರ, ಬುಡದಲ್ಲೂ ಅದೇ, ಅರ್ಧ ದಾರಿಯಲ್ಲೂ ಅದೇ, ಹಲ್ಲಿಯಂತೆ ಬಂಡೆಗೆ ಅಂಟಿಕೊಂಡು ಅಳುತ್ತಿರುವವರ ಕಿವಿಗೂ ಅದೇ. ಯಾರಾದರೂ ನೀರು ಕೇಳಿದರೆ ಉಸಿರಾಟದ ಪಾಠ ಹೇಳುತ್ತಾರೆ. ತಮ್ಮ ಬಾಟಲಿ ಬರಿದಾದರೆ ಮಾತ್ರ ಪಕ್ಕದವರ ಚೀಲಕ್ಕೆ ಕೈ ಹಾಕುತ್ತಾರೆ. ಸೋಮವಾರವಂತೂ ತುದಿಯ ಗಾಳಿಯನ್ನು ಹೊಗಳಿ ಹೊಗಳಿ ಎಲ್ಲರ ತಲೆ ತಿನ್ನುತ್ತಾರೆ. ಈ ಸಲ ಟೈಪಿಸ್ಟ್ ಹುಡುಗಿಯೂ ಅವರ ಕೈಗೆ ಸಿಕ್ಕಿಬಿದ್ದಳು. ತುದಿಗೆ ಮುಂಚೆ ಆಳೆತ್ತರದ ನುಣುಪು ಬಂಡೆಯೊಂದು ಎದುರಾಯಿತು. ಸಾಹೇಬರು ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, "ಹೂಂ, ಹೆಗಲ ಮೇಲೆ ಕಾಲಿಡಿ," ಎಂದು ಒಬ್ಬೊಬ್ಬರನ್ನೇ ಎತ್ತಿ ಹತ್ತಿಸಿದರು. ಮೇಲೆ ಸೇರಿದ ಹುಡುಗಿ ಬಗ್ಗಿ, "ಬನ್ನಿ ಸಾರ್, ಇನ್ನೇನು ಬಂದೇಬಿಡ್ತು!" ಎಂದು ಕಿಚಾಯಿಸಿದಳು. ಅವರು ಹೆಗಲ ಮೇಲಿನ ಬೂಟಿನ ಮಣ್ಣು ಕೊಡವುತ್ತಾ, "ನನ್ನ ಎತ್ತೋಕೆ ಕ್ರೇನೇ ಬೇಕಮ್ಮ. ಪ್ರತಿ ಸಲಾನೂ ಇಲ್ಲಿಗೇ ನಿಲ್ತೀನಿ. ಗಾಳಿ ಹೇಗಿದೆ, ಸ್ವಲ್ಪ ಸರಿಯಾಗಿ ಹೇಳು, ನಾಳೆ ಸೋಮವಾರ," ಎಂದರು.