ಕಾರ್ಡಿನ ಮೇಲಿನ ಮಾರೇಶ

ಮಡಕಶಿರಾ ಹತ್ತಿರದ ಒಂದು ಹಳ್ಳಿಯಲ್ಲಿ ಲಕ್ಷ್ಮೀನರಸಪ್ಪ ಇಪ್ಪತ್ತಾರು ವರ್ಷದಿಂದ ಬ್ರಾಂಚ್ ಪೋಸ್ಟ್ ಮಾಸ್ಟರು. ಕಚೇರಿಯೆಂದರೆ ಅವನ ಮನೆಯ ಮುಂದಿನ ಕೋಣೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಜನ ಬರುತ್ತಾರೆ. ಪೋಸ್ಟ್ ಕಾರ್ಡು ಮಾತ್ರ ಯಾರಿಗೂ ಬೇಡ. ಮಾರಾಟಕ್ಕೆ ಬಂದ ಕಾರ್ಡುಗಳನ್ನು ಬಳಸುತ್ತಿದ್ದವನು ಅವನೊಬ್ಬನೇ.

ರಾಯದುರ್ಗದಿಂದ ತುಮಕೂರಿಗೆ ರೈಲುದಾರಿ ಹಾಕುವ ಕೆಲಸ ಊರ ಸಮೀಪಕ್ಕೆ ಬಂದಾಗ ಅವನು ಮಡಕಶಿರಾದ ಫೋಟೋ ಸ್ಟುಡಿಯೋದವನಿಂದ ಹಳೆಯ ಸಣ್ಣ ಕ್ಯಾಮೆರಾ ಒಂದನ್ನು ತಂದುಕೊಂಡ. ಭಾನುವಾರ ಸೈಕಲ್ ಏರಿ ಹೋಗಿ ಮಣ್ಣಿನ ಏರಿ, ಸೇತುವೆ ಕಂಬ, ಬುತ್ತಿ ಉಣ್ಣುತ್ತಿರುವ ಕೂಲಿಯವರು, ಕಂಡದ್ದನ್ನೆಲ್ಲ ತೆಗೆಯುತ್ತಿದ್ದ. ವಾರಕ್ಕೊಂದು ಫೋಟೋ ಪ್ರಿಂಟ್ ಹಾಕಿಸಿ, ಕಾರ್ಡಿಗೆ ಅಂಟಿಸಿ, ಹಿಂದೆ ನಾಲ್ಕು ಸಾಲು ಬರೆದು ರಾಯದುರ್ಗದಲ್ಲಿದ್ದ ಅಕ್ಕ ಓಬಕ್ಕನಿಗೆ ಹಾಕುತ್ತಿದ್ದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ತನ್ನ ಮಗಳು ರೇವತಿಯ ಕೈಲಿ ಅವಳು ಬರೆಸುತ್ತಿದ್ದ ಉತ್ತರಗಳೂ ತಪ್ಪದೆ ಬರುತ್ತಿದ್ದವು.

ಎರಡು ವರ್ಷದ ಹಿಂದೆ, ಮೂರು ದಿನ ಹಿಡಿದ ಮಳೆ ಬಿಟ್ಟ ಮಾರನೆಯ ಬೆಳಿಗ್ಗೆ ರೈಲುದಾರಿಗೆ ದಿಬ್ಬ ಕಡಿಯುವಲ್ಲಿ ಮಣ್ಣು ಜರಿಯಿತು. ರತ್ನಗಿರಿಯ ಮಾರೇಶ ಅದರಡಿ ಸಿಕ್ಕಿ ಸತ್ತ. ಮೂವತ್ತು ದಾಟಿರದ ಗಟ್ಟಿಮುಟ್ಟಾದ ಆಳು.

ಹನ್ನೆರಡು ದಿನ ಕಳೆದ ಮೇಲೆ ಅವನ ಹೆಂಡತಿ ಮಂಜುಳಮ್ಮ ಪೋಸ್ಟಾಫೀಸಿಗೆ ಬಂದಳು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಆಧಾರ್ ಕಾರ್ಡಿನಲ್ಲಿರುವ ಮುಖ ಅವನದೆಂದು ಅವನ ತಾಯಿಗೇ ಗುರುತು ಹತ್ತಲಿಲ್ಲವಂತೆ.

"ನೀವೊಂದು ತೆಗ್ದಿದ್ರಂತೆ ಸ್ವಾಮಿ. ಇದ್ರೆ ಕೊಡಿ," ಎಂದಳು.

ತೆಗೆದದ್ದು ನಿಜ. ಆದರೆ ಕ್ಯಾಮೆರಾದಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಿದ್ದ. ಉಳಿದದ್ದು ಅಕ್ಕನಿಗೆ ಹಾಕಿದ ಕಾರ್ಡೊಂದೇ. ಅಕ್ಕನನ್ನು ಕಂಡು ಎರಡು ವರ್ಷವಾಗಿತ್ತು. ಮರುದಿನ ರಜೆ ಬರೆದು ರಾಯದುರ್ಗದ ಬಸ್ಸು ಹತ್ತಿದ.

ಓಬಕ್ಕ ಬಾಗಿಲ ಬಳಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅವನು ಎದುರು ಹೋಗಿ ನಿಂತ. ಅವಳು ಮುಖ ಎತ್ತಿ, ಅವನ ಭುಜದಾಚೆ ನೋಡುತ್ತ, "ಯಾರ್ರಿ?" ಎಂದಳು.

ಒಳಗಿಂದ ಬಂದ ರೇವತಿ ಅವನನ್ನು ಕಂಡು ಅಳತೊಡಗಿದಳು. ಅವ್ವನ ಕಣ್ಣು ಹೋಗಿ ಒಂದೂವರೆ ವರ್ಷವಾಯಿತು, ಮಾವನಿಗೆ ಬರೆಯಕೂಡದೆಂದು ಆಣೆ ಹಾಕಿಸಿಕೊಂಡಿದ್ದಾಳೆ ಎಂದಳು.

"ಗೊತ್ತಾದ್ರ ಇನ್ನ ಫೋಟೋ ಯಾಕಂತ ನೀ ಬಿಟ್ಟುಬಿಡ್ತಿದ್ದಿ," ಎಂದಳು ಓಬಕ್ಕ. "ಕಾರ್ಡ ಬರಾದು ನಿಂತ್ರ ನನಗೇನೈತಿ?"

ಬಂದ ಕಾರಣವನ್ನು ಅವನು ತಡೆತಡೆದು ಹೇಳಿದ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಗುತ್ತ ನಿಂತವನೇನು ಎಂದು ಕೇಳಿದಳು. ಕಣ್ಣು ಹೋದ ಮೇಲೆ ಪ್ರತಿ ಕಾರ್ಡನ್ನೂ ರೇವತಿ ವಿವರಿಸಿ ಹೇಳಬೇಕಿತ್ತು, ಓಬಕ್ಕ ಅದನ್ನು ಹಾಗೆಯೇ ನೆನಪಿಟ್ಟುಕೊಂಡಿದ್ದಳು. ಪೆಟ್ಟಿಗೆಯಿಂದ ಆ ಕಾರ್ಡು ತೆಗೆಸಿ, ಒಂದು ಸಲ ಅಂಗೈಯಿಂದ ಸವರಿ, ತಮ್ಮನ ಕೈಗಿಟ್ಟಳು.

ರತ್ನಗಿರಿಯಲ್ಲಿ ಮಂಜುಳಮ್ಮ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತಿರುಗಿಸಿ, ಹಿಂದೆ ಏನು ಬರೆದಿದೆ, ಓದಿ ಎಂದಳು. ಓದದೆ ಅವನಿಗೆ ದಾರಿಯಿರಲಿಲ್ಲ.

"ಅಕ್ಕ, ಇವನು ರತ್ನಗಿರಿಯ ಮಾರೇಶ. ರೈಲು ಶುರುವಾದ ದಿನ ಹೆಂಡತಿಯನ್ನು ಕಿಟಕಿ ಪಕ್ಕ ಕೂರಿಸಿ, ಈ ದಿಬ್ಬ ಕಡಿದವನು ನಾನೇ ಅಂತ ತೋರಿಸುತ್ತಾನಂತೆ."

"ನಂಗೊಂದಿನಾನೂ ಹೇಳ್ಲಿಲ್ವಲ್ಲ," ಎಂದಳು ಮಂಜುಳಮ್ಮ. ಅಷ್ಟೇ ಹೇಳಿ ಕಾರ್ಡನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದಳು. ಅವನು ಬಸ್ ಸ್ಟಾಪಿಗೆ ನಡೆದ.

ಮೂರು ತಿಂಗಳು ಅವನು ದಿಬ್ಬದ ಕಡೆ ಹೋಗಲಿಲ್ಲ. ಅಕ್ಕನಿಗೆ ಫೋಟೋ ಅಂಟಿಸದೆ, ಕಾರ್ಡಿನ ಎರಡೂ ಬದಿ ತುಂಬ ಬರೆಯತೊಡಗಿದ. ನಂತರ ಕೂಲಿಯವರೇ ಹುಡುಕಿಕೊಂಡು ಬಂದರು. ತಮ್ಮದೂ ಒಂದೊಂದು ತೆಗೆದುಕೊಡಿ, ಮನೆಯಲ್ಲಿರಲಿ ಎಂದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಒಬ್ಬೊಬ್ಬರನ್ನೇ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ತೆಗೆದ. ಪ್ರಿಂಟ್ ಬರುವಷ್ಟರಲ್ಲಿ ಕೆಲವರನ್ನು ಗುತ್ತೇದಾರ ಬೇರೆ ಕಡೆಗೆ ಸಾಗಿಸಿದ್ದ. ಅವರ ಫೋಟೋಗಳಿರುವ ಆರು ಕವರುಗಳು ಈಗಲೂ ಪೋಸ್ಟಾಫೀಸಿನ ಡ್ರಾಯರಿನಲ್ಲಿವೆ. ಹೆಸರು ಬರೆದಿದ್ದಾನೆ, ವಿಳಾಸ ಯಾರಿಗೂ ಗೊತ್ತಿಲ್ಲ.