ಅಡುಗೆಮನೆಯಲ್ಲಿ ಎದ್ದ ಜಲ

ಕಳಸದಲ್ಲಿ ನಮ್ಮ ಮೊದಲ ಮಳೆಗಾಲ. ಒಂದು ಬೆಳಿಗ್ಗೆ ಬಾಡಿಗೆ ಮನೆಯ ಅಡುಗೆಮನೆಯ ನೆಲದಿಂದ ನೀರು ಎದ್ದಿತು. ಸೂರಿನಿಂದ ಇಳಿದದ್ದಲ್ಲ, ನಲ್ಲಿಯಿಂದ ಸೋರಿದ್ದಲ್ಲ. ಒಲೆಕಟ್ಟೆಯ ಪಕ್ಕದ ಬಿರುಕಿನಿಂದ ತಣ್ಣಗೆ, ತಿಳಿಯಾಗಿ, ಯಾರ ಅಪ್ಪಣೆಯನ್ನೂ ಕೇಳದೆ.

ನಾನು ಸಿಂದಗಿ ಕಡೆಯವನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿ ನಿವೃತ್ತನಾದೆ. ನರ್ಸ್ ಆಗಿರುವ ಹೆಂಡತಿಗೆ ಇಲ್ಲಿಗೆ ವರ್ಗವಾದಾಗ ಅವಳ ಸಾಮಾನಿನ ಜೊತೆ ನಾನೂ ಬಂದಿಳಿದೆ. ನಮ್ಮೂರಲ್ಲಿ ನೀರು ಬೇಕೆಂದರೆ ಎರೆಮಣ್ಣು ತೋಡಿ, ಅಡಿಯ ಕರಿಕಲ್ಲು ಒಡೆದು, ಆಮೇಲೆ ದೇವರಿಗೆ ಕೈಮುಗಿಯಬೇಕು. ನೀರು ತಾನಾಗಿ ಮನೆಗೆ ಬಂದಿತೆಂದರೆ ನಮ್ಮವರು ನಂಬಲಿಕ್ಕಿಲ್ಲ. ನಾನೂ ಅದನ್ನು ಅಶಿಸ್ತೆಂದು ಪರಿಗಣಿಸಿ, ಸಿಮೆಂಟು ಕಲಸಿ ಬಿರುಕು ಮುಚ್ಚಿದೆ. ಒಂದು ಪರ್ವತಕ್ಕೆ ಬುದ್ಧಿ ಕಲಿಸಿದ ತೃಪ್ತಿಯಲ್ಲಿ, ಊರಿಂದ ತರಿಸಿದ ಹಿಟ್ಟಿನ ಜೋಳದ ರೊಟ್ಟಿ ಉಂಡೆ.

ಮನೆಗೆ ಜಾಗ ಮಾಡಲು ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಗೋಡೆಗೆ ಇಲ್ಲಿ ಧರೆ ಎನ್ನುತ್ತಾರೆ. ಮೂರನೆಯ ದಿನ ಹಿತ್ತಲಿನ ಧರೆ ಹೊಟ್ಟೆ ಬಿಟ್ಟಿತ್ತು. ಬುಡದಲ್ಲಿ ಕೆಂಪು ನೀರು ಒಸರುತ್ತಿತ್ತು. ಪಕ್ಕದ ಎಸ್ಟೇಟಿನ ಮೇಸ್ತ್ರಿ ತಿಮ್ಮಪ್ಪನವರು ಅದನ್ನು ನೋಡಿ, ಒಳಗೆ ಬಂದು, ನನ್ನ ಸಿಮೆಂಟಿನ ಕೆಲಸವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

“ಜಲ ಮುಚ್ಚಿದ್ರಾ ಮೇಷ್ಟ್ರೆ?”

ಹೌದೆಂದೆ.

“ಗುಡ್ಡ ಕುಡ್ದಿದ್ದು ಎಲ್ಲಾದ್ರೂ ಹೊರಗೆ ಬರ್ಲೇಬೇಕಲ್ಲ ಮಾರಾಯ್ರೆ. ತಿಳಿ ನೀರಾದ್ರೆ ಬರ್ಲಿ ಬಿಡಿ. ಕೆಂಪಾದ್ರೆ ಗುಡ್ಡದ ಮಣ್ಣೇ ಹೊರಟಿದೆ ಅಂತ. ಈಗ ಮನೇಲಿ ಇರ್ಬೇಡಿ.”

ಅಡಿಯಲ್ಲಿ ಗಟ್ಟಿ ಬಂಡೆ, ಮೇಲೆ ಬಿಸಿಲು ಮಳೆಗೆ ಸವೆದು ಮಣ್ಣಾದ ಅದೇ ಬಂಡೆ, ಇಂಗಿದ ನೀರು ಹರಿಯುವುದು ಎರಡರ ನಡುವೆ: ಐದು ಅಂಕದ ಪ್ರಶ್ನೆ. ನನ್ನ ಒಲೆಕಟ್ಟೆ ಆ ಉತ್ತರದ ಮೇಲೆಯೇ ಇದೆಯೆಂದು ಹೊಳೆದಿರಲಿಲ್ಲ.

“ಮೂವತ್ತು ವರ್ಷ ಇದನ್ನ ಅಲ್ರೀ ನೀವು ಕಲಿಸಿದ್ದು?” ಎಂದಳು ಹೆಂಡತಿ, ಹಾಸಿಗೆ ಸುತ್ತುತ್ತ.

ತಿಮ್ಮಪ್ಪನವರು ಹಾರೆಯಿಂದ ಸಿಮೆಂಟು ಒಡೆದು, ಅಡುಗೆಮನೆಯಿಂದ ಅಂಗಳಕ್ಕೆ ಕಾಲುವೆ ಸೀಳಿದರು. ನೀರು ಕೆಂಪಗೆ ನುಗ್ಗಿತು. ನಾವು ಅವರ ಮನೆಯಲ್ಲೇ ಉಳಿದೆವು. ದಿನಾ ಬೆಳಿಗ್ಗೆ ಅವರು ಕಾಲುವೆಯ ಹೊರತುದಿಯಿಂದ ಗಾಜಿನ ಲೋಟದಲ್ಲಿ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ ಚೆಲ್ಲುತ್ತಿದ್ದರು. ಐದನೆಯ ದಿನ ಲೋಟ ನನ್ನ ಕೈಗೆ ಕೊಟ್ಟರು. ನೀರಿನ ಮೂಲಕ ಆಚೆಯ ಧರೆ ಕಂಡಿತು; ನಿಂತೇ ಇತ್ತು.

ಕಾಲುವೆ ಹಾಗೇ ಉಳಿದಿದೆ. ದಿನಕ್ಕೆ ಹತ್ತು ಸಲ ಅದನ್ನು ದಾಟಿಯೇ ಕಾಫಿ. ಚಹಾ ಕೇಳಿದರೆ ಇಲ್ಲಿಯವರು ಮೈ ಹುಷಾರಿಲ್ಲವೆ ಎನ್ನುತ್ತಾರೆ.

ಬೇಸಿಗೆಯಲ್ಲಿ ಸಿಂದಗಿಗೆ ಹೋದೆ. ಅಕ್ಕನ ಅಡುಗೆಮನೆಯ ನೆಲ ಸುಣ್ಣದಷ್ಟು ಒಣಗಿತ್ತು. ನೀರು ಕುಡಿಯಲು ಒಳಗೆ ಹೋದವನು ನಡುವೆ ಕಾಲೆತ್ತಿ ಉದ್ದದ ಹೆಜ್ಜೆಯಿಟ್ಟೆ.

“ಅಲ್ಲೇನೈತಂತ ದಾಟ್ತೀಯೋ?” ಎಂದಳು ಅಕ್ಕ.

ಏನೂ ಇಲ್ಲವೆಂದೆ. ಹೊರಗೆ ಬರುವಾಗ ಮತ್ತೆ ದಾಟಿದೆ.